ತಿಂಡಿ ಆಯ್ತಾ ಎಂದು ಕೇಳಿದ ಬೆಳಿಗ್ಗೆ

ನರ್ಸಿಂಗ್ ಓದುವಾಗ ನಮಗೆ ಔಷಧಗಳ ಪಾಠ ಹೇಳುತ್ತಿದ್ದ ಮೇಡಂ ಒಂದೊಂದು ಔಷಧವನ್ನೂ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸುತ್ತಿದ್ದರು. ಹೆಸರು, ಮಾಡುವ ಕೆಲಸ, ಪ್ರಮಾಣ, ಅಡ್ಡಪರಿಣಾಮ. ಹಾಸ್ಟೆಲಿನ ಮಾಳಿಗೆಯ ಮೇಲೆ ಅಡ್ಡಾಡುತ್ತ ಗಟ್ಟಿಯಾಗಿ ಒದರುತ್ತಿದ್ದೆವು. ಅಡ್ಡಪರಿಣಾಮದ ಸಾಲು ಮಾತ್ರ ಎಲ್ಲ ಔಷಧಕ್ಕೂ ಹೆಚ್ಚುಕಡಿಮೆ ಒಂದೇ: ವಾಕರಿಕೆ, ತಲೆಸುತ್ತು, ತುರಿಕೆ, ಎದೆಬಡಿತ. ಪರೀಕ್ಷೆಯಲ್ಲಿ ಕೇಳರಿಯದ ಔಷಧ ಬಂದರೂ ಇಷ್ಟು ಬರೆದುಬಿಟ್ಟರೆ ಅರ್ಧ ಮಾರ್ಕ್ಸಿಗೆ ಮೋಸವಿಲ್ಲ ಎಂಬ ಧೈರ್ಯ ನಮಗೆಲ್ಲ ಇತ್ತು. ಕೆಲಸಕ್ಕೆ ಸೇರಿದ ಮೇಲೆ ತಿಳಿಯಿತು, ಈ ಮಾತುಗಳನ್ನು ನಮ್ಮ ಕಡೆಯ ಯಾವ ರೋಗಿಯೂ ಆಡುವುದಿಲ್ಲ.

ನನ್ನ ಮೊದಲ ಕೆಲಸ ಇಂಡಿಯಲ್ಲಿ. ಅಲ್ಲಿ ತಲೆಸುತ್ತು ಎಂದವರನ್ನು ನಾನು ಕಾಣೆ. ‘ಚಕ್ರ ಬರ್ತಾವ್ರಿ’ ಎನ್ನುತ್ತಿದ್ದರು. ವಾಕರಿಕೆಗೆ ‘ಹೊಟ್ಟಿ ತೊಳಸತೈತಿ’, ಎದೆಬಡಿತಕ್ಕೆ ‘ಎದಿ ಡವಡವ ಅಂತೈತಿ’. ಇದೆಲ್ಲ ನನ್ನ ಮನೆಮಾತೇ. ಮುಳವಾಡದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ ಬೆಳೆದವಳು ನಾನು. ಆದರೂ ಪುಸ್ತಕದಲ್ಲಿ ಓದಿದ ಮಾತೂ ಅವ್ವ ಆಡುವ ಮಾತೂ ಒಂದೇ ಸಂಗತಿಯನ್ನು ಹೇಳುತ್ತಿವೆ ಎಂದು ತಲೆಗೆ ಹತ್ತಲು ಸ್ವಲ್ಪ ಕಾಲ ಹಿಡಿಯಿತು.

ಎಲ್ಲಕ್ಕಿಂತ ದೊಡ್ಡ ಮಾತು ‘ಉಷ್ಣ’. ಗುಳಿಗಿ ಉಷ್ಣ ಆಯಿತು ಎಂದರೆ ಬಾಯಲ್ಲಿ ಹುಣ್ಣಾಗಿರಬಹುದು, ಉರಿಮೂತ್ರವಿರಬಹುದು, ಎದೆ ಉರಿಯುತ್ತಿರಬಹುದು, ಮೈಮೇಲೆ ಗುಳ್ಳೆ ಎದ್ದಿರಬಹುದು. ಹೊಸದಾಗಿ ಬಂದ ಕೆಲವರು ಈ ಮಾತು ಕೇಳಿದ ಕೂಡಲೇ ತುಟಿ ಓರೆ ಮಾಡಿ ನಗುತ್ತಾರೆ. ನನಗೆ ಆಗ ಮೈ ಉರಿಯುತ್ತದೆ. ರೋಗಿ ಉಷ್ಣ ಎಂದನೆಂದರೆ ಬಾಗಿಲು ತೆರೆದು ನಿಂತಿದ್ದಾನೆ ಎಂದರ್ಥ. ಒಳಗೆ ಹೋಗಿ ಎಲ್ಲಿ, ಯಾವಾಗಿಂದ, ಯಾವ ಗುಳಿಗಿಯ ನಂತರ ಎಂದು ಕೇಳುವ ಕೆಲಸ ನಮ್ಮದು. ನಗುವುದಕ್ಕೆ ಸರಕಾರ ಪಗಾರ ಕೊಡುವುದಿಲ್ಲ.

ಸಿಂದಗಿಯಲ್ಲಿದ್ದಾಗ ಬಟ್ಟೆ ಅಂಗಡಿಯ ಚಾಚಾ ಒಬ್ಬರು ಬಿಪಿ ತೋರಿಸಲು ಬರುತ್ತಿದ್ದರು. ಒಣಕೆಮ್ಮು ಅವರನ್ನು ಕಾಡುತ್ತಿತ್ತು. ಸಂತೆಯ ಮೆಣಸಿನಕಾಯಿ ಘಾಟು ಎಂದು ಅವರ ವಾದ. ಅವರ ಮನೆಯವರು ಮಾತ್ರ ಗುಳಿಗಿ ಬದಲಾದಾಗಿನಿಂದ ಕೆಮ್ಮು ಹತ್ತಿದೆ ಎಂದು ನನ್ನ ಕಿವಿಯಲ್ಲಿ ಹೇಳಿದರು. ಡಾಕ್ಟರಿಗೆ ತಿಳಿಸಿದೆ, ಅವರು ಬೇರೆ ಗುಳಿಗಿ ಬರೆದರು, ಕೆಮ್ಮು ಹೋಯಿತು. ಚಾಚಾ ಮಾತ್ರ ಆಮೇಲೂ ಮೆಣಸಿನಕಾಯಿ ಮಾರುವವರನ್ನೇ ಬೈಯುತ್ತಿದ್ದರು. ಮುದ್ದೇಬಿಹಾಳದಲ್ಲಿ ಒಬ್ಬ ಅಜ್ಜಿ ಮೂತ್ರ ಹೆಚ್ಚು ಮಾಡಿ ಕಾಲು ಬಾವು ಇಳಿಸುವ ನೀರಿನ ಗುಳಿಗಿಯನ್ನು ಬಸ್ಸು ಹತ್ತುವ ದಿನ ನುಂಗುತ್ತಲೇ ಇರಲಿಲ್ಲ. ಯಾಕೆ ಎಂದರೆ, ಬಸ್ಸು ನಡುವೆ ನಿಲ್ಲಿಸುವವರು ಯಾರು ಎಂದು ನನ್ನನ್ನೇ ಕೇಳಿದಳು. ಗುಳಿಗಿಯ ಕೆಲಸ ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಊರು ಮುಟ್ಟಿದ ಮೇಲೆ ತೆಗೆದುಕೊಂಡರೂ ನಡೆಯುತ್ತದೆ ಎಂದು ಹೇಳುವವರು ಬೇಕಿತ್ತು, ಅಷ್ಟೇ.

ಇಷ್ಟೆಲ್ಲ ಹೇಳಿದ್ದು ಒಂದು ಬೆಳಗಿನ ಸಂಗತಿ ಹೇಳಬೇಕೆಂದು. ಯಾವ ಊರಿನ ಆಸ್ಪತ್ರೆ ಎಂದು ಹೇಳುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ಕಡೆ ನೀರು ಕುಡಿದವಳು ನಾನು. ನಾಲ್ಕರ ಪೈಕಿ ಒಂದು ಎಂದುಕೊಳ್ಳಿ. ಊರಿನ ಹೆಸರು ಹೇಳಿದರೆ ನಮ್ಮ ಮಂದಿ ಮಧ್ಯಾಹ್ನದ ಊಟದೊಳಗೆ ಅದು ಯಾರ ಮನೆಯ ಸೊಸೆ, ಯಾವ ಬೆಡ್ಡು, ಯಾರು ಸೂಜಿ ಮಾಡಿದವರು ಎಂದು ಎಲ್ಲ ಪತ್ತೆ ಮಾಡಿಬಿಡುತ್ತಾರೆ.

ಆಗ ನಾನು ಹೆಂಗಸರ ವಾರ್ಡಿನ ಹಿರಿಯ ಸಿಸ್ಟರ್. ಮಂಡ್ಯದ ಕಡೆಯ ಹುಡುಗಿಯೊಬ್ಬಳು ಹೊಸದಾಗಿ ನೇಮಕವಾಗಿ ಬಂದಿದ್ದಳು. ಕೈ ಚುರುಕು, ಓದು ಚೆನ್ನಾಗಿತ್ತು. ಯಾವ ಔಷಧವನ್ನು ಯಾವುದರ ಜೊತೆ ಕೊಡಬಾರದು ಎಂದು ಕೇಳಿದರೆ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುವಳು. ತೊಂದರೆ ಇದ್ದದ್ದು ಮಾತಿನಲ್ಲಿ. ಅವಳದು ಸಿನಿಮಾದ ಮಾತು ಎಂದು ವಾರ್ಡಿನ ಹೆಂಗಸರು ಮೆಚ್ಚಿ ಕೇಳುತ್ತಿದ್ದರು, ಅರ್ಧ ತಿಳಿಯುತ್ತಿತ್ತು. ಅವರ ಮಾತು ಅವಳಿಗೆ ಜಗಳದ ಹಾಗೆ ಕೇಳುತ್ತಿತ್ತು. ಮೊದಲ ದಿನ ಒಬ್ಬ ಮುದುಕಿ ನೀರು ಕೇಳಿದ್ದಕ್ಕೆ ಇವಳು ಬೆದರಿ ನನ್ನ ಹತ್ತಿರ ಬಂದು, ಅವರಿಗೆ ನನ್ನ ಮೇಲೆ ಯಾಕೆ ಕೋಪ ಎಂದು ಕೇಳಿದ್ದಳು.

ಬೆಳಿಗ್ಗೆ ಡ್ಯೂಟಿಗೆ ಬಂದರೆ ಎದುರು ಸಿಕ್ಕವರಿಗೆಲ್ಲ ಇವಳು ಕೇಳುತ್ತಿದ್ದದ್ದು ಒಂದೇ, ‘ತಿಂಡಿ ಆಯ್ತಾ?’ ಅವಳ ಊರಿನಲ್ಲಿ ಅದು ನಮಸ್ಕಾರದಷ್ಟೇ ಸಾಧಾರಣ ಮಾತು. ನಮ್ಮ ಕಡೆ ಬೆಳಗಿನದು ನಾಷ್ಟಾ. ತಿಂಡಿ ಎಂದರೆ ತುರಿಕೆ. ಯಾರಾದರೂ ಕಾಲು ಕೆದರಿ ಜಗಳಕ್ಕೆ ಬಂದರೆ ಅವನಿಗೆ ತಿಂಡಿ ಎದ್ದಿದೆ ಎಂದೂ ಅನ್ನುವುದುಂಟು. ಹಾಗಾಗಿ ಅವಳು ನಮ್ಮ ವಯಸ್ಸಾದ ಕ್ಲಾರ್ಕ್ ಸಾಹೇಬರನ್ನು ತಿಂಡಿ ಆಯ್ತಾ ಎಂದು ಕೇಳಿದ ದಿನ ಅವರು ಕೆಂಪಾಗಿ ಕೂತದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ನಾನು ಅವಳನ್ನು ಕೂರಿಸಿಕೊಂಡು, ಇಲ್ಲಿ ನಾಷ್ಟಾ ಎನ್ನಬೇಕು ಎಂದು ಹೇಳಿಕೊಟ್ಟಿದ್ದೆ. ತಲೆ ಆಡಿಸಿದಳು, ನಕ್ಕಳು, ಒಂದೆರಡು ಸಲ ನಾಷ್ಟಾ ಎಂದಳು. ಕೆಲಸದ ಗಡಿಬಿಡಿಯಲ್ಲಿ ನಾಲಿಗೆ ಮತ್ತೆ ಹಳೆಯ ಜಾಡಿಗೇ ಬೀಳುತ್ತಿತ್ತು.

ಆ ವಾರ ಹಳ್ಳಿಯೊಂದರಿಂದ ಒಬ್ಬ ಹೆಣ್ಣುಮಗಳು ಬಂದು ಸೇರಿದ್ದಳು. ತೊಗರಿ ಕೊಯ್ದ ಹೊಲದಲ್ಲಿ ಉಳಿದ ಕೂಳಿಯ ಮೊನೆ ಅಂಗಾಲಿಗೆ ನಟ್ಟು, ಅದನ್ನು ತಾನೇ ಕಿತ್ತು ಅರಿಷಿಣ ಮೆತ್ತಿಕೊಂಡು ಕೆಲಸ ಮಾಡಿದ್ದಳು. ಪಾದ ಬಾತು ಕೀವು ಕಟ್ಟಿದ ಮೇಲೆ ಅತ್ತೆ ಅವಳನ್ನು ಎಳೆದುಕೊಂಡು ಬಂದಿದ್ದರು. ಮನೆಯಲ್ಲಿ ಇನ್ನೂ ಅಂಗನವಾಡಿಗೆ ಹೋಗುವ ಮಗಳು. ಡಾಕ್ಟರು ಕೀವು ತೆಗೆದು, ರಕ್ತನಾಳಕ್ಕೆ ಕೊಡುವ ಆಂಟಿಬಯೋಟಿಕ್ ಬರೆದಿದ್ದರು. ಮೊದಲ ಸಲ ಚರ್ಮಕ್ಕೆ ಸ್ವಲ್ಪ ಚುಚ್ಚಿ ಪರೀಕ್ಷೆ ಮಾಡಿಯೇ ಕೊಟ್ಟಿದ್ದೆವು, ಏನೂ ಆಗಿರಲಿಲ್ಲ. ಹಿಂದಿನ ದಿನವೂ ಏನೂ ಆಗಿರಲಿಲ್ಲ. ಇಂಥ ಔಷಧಗಳ ಗುಟ್ಟೇ ಅದು: ಮೈ ಒಮ್ಮೆ ಗುರುತು ಹಿಡಿದುಕೊಂಡು, ಮುಂದೊಮ್ಮೆ ಬಂದಾಗ ತಿರುಗಿ ಬೀಳುತ್ತದೆ. ಅದಕ್ಕೇ ಪ್ರತಿ ಸಲವೂ ಕಣ್ಣಿಡಬೇಕು.

ಆ ಹೆಣ್ಣುಮಗಳು ಗಟ್ಟಿಗಿತ್ತಿ. ಕೀವು ತೆಗೆಯುವಾಗ ಸೆರಗು ಕಚ್ಚಿಕೊಂಡು ಮಲಗಿದ್ದಳೇ ಹೊರತು ‘ಯವ್ವಾ’ ಎನ್ನಲಿಲ್ಲ. ಡ್ರೆಸ್ಸಿಂಗ್ ಮಾಡುವಾಗ ನೋವಾದರೆ ಹೇಳು ಎಂದರೆ, ನಿಮ್ಮ ಕೆಲಸ ನೀವು ಮಾಡ್ರಿ ಎನ್ನುತ್ತಿದ್ದಳು. ನನಗೆ ಅವಳನ್ನು ಕಂಡರೆ ಹೆಮ್ಮೆ. ನಮ್ಮ ಕಡೆಯವರು ಹೀಗೇ ಎಂದು ಮಂಡ್ಯದ ಹುಡುಗಿಯ ಮುಂದೆ ಜಂಬ ಕೊಚ್ಚಿಕೊಂಡಿದ್ದೆ ಕೂಡ.

ಆ ಬೆಳಿಗ್ಗೆ ಹುಡುಗಿ ಸಾಲಾಗಿ ಇಂಜೆಕ್ಷನ್‌ಗಳನ್ನು ನಿಧಾನವಾಗಿಯೇ ಕೊಟ್ಟು, ಗುಳಿಗಿಯ ಟ್ರೇ ಹಿಡಿದು ತಿರುಗಿ ಬಂದಳು. ನೋವಿನ ಗುಳಿಗಿಯನ್ನು ಬರಿಹೊಟ್ಟೆಗೆ ಕೊಡಬಾರದು, ಕರುಳಿಗೆ ಹುಣ್ಣು ಮಾಡುತ್ತದೆ. ಆ ನಿಯಮ ಅವಳಿಗೆ ಬಾಯಿಪಾಠ. ಹಾಗಾಗಿ ಒಬ್ಬೊಬ್ಬರನ್ನೇ ಕೇಳುತ್ತ ಬಂದಳು. ಆ ಹೆಣ್ಣುಮಗಳ ಮಂಚದ ಹತ್ತಿರವೂ ನಿಂತು ಕೇಳಿದಳು. ನಾನು ಪಕ್ಕದ ಮಂಚದ ಅಜ್ಜಿಯ ಸಲಾಯಿನ್ ಬದಲಿಸುತ್ತಿದ್ದೆ. ಬಾಟ್ಲಿಯ ಕಡೆ ಗಮನ, ಕಿವಿಗೆ ಮಾತು ಬಿದ್ದವು.

“ತಿಂಡಿ ಆಯ್ತಾ?”

“ಹೂನ್ರಿ, ಈಗ ಆಗಾಕತ್ತೈತ್ರಿ.”

“ಒಳ್ಳೇದು, ಆಗ್ಲಿ. ನಿಧಾನಕ್ಕೆ ಆಗ್ಲಿ. ಆದ್ಮೇಲೆ ಈ ಮಾತ್ರೆ ತಗೊಳ್ಳಿ.”

ಹುಡುಗಿ ಮುಂದಿನ ಮಂಚಕ್ಕೆ ಹೋದಳು. ಮಾತು ಎಷ್ಟು ಸರಳವಾಗಿ ಕೂಡಿಕೊಂಡಿತ್ತೆಂದರೆ ನನಗೂ ಏನೂ ಅನ್ನಿಸಲಿಲ್ಲ. ಬಾಟ್ಲಿ ಸಿಕ್ಕಿಸಿ, ಹನಿ ಬೀಳುವ ವೇಗ ಸರಿ ಮಾಡಿ ತಿರುಗಿದೆ. ಅವಳ ಮುಂದೆ ತಟ್ಟೆ ಇರಲಿಲ್ಲ. ಅತ್ತೆ ನಾಷ್ಟಾಕ್ಕೆ ಚಹಾ, ಸುಸಲಾ ತರಲು ಹೊರಗೆ ಹೋಗಿದ್ದವರು ಇನ್ನೂ ಬಂದಿರಲಿಲ್ಲ. ಹೆಣ್ಣುಮಗಳು ಗೋಡೆಗೆ ಒರಗಿ, ಒಂದು ಅಂಗೈಯನ್ನು ಮಂಚದ ಕಬ್ಬಿಣದ ಪಟ್ಟಿಗೆ ತಿಕ್ಕುತ್ತಿದ್ದಳು. ಕಿವಿಯ ಹಾಲೆಗಳು ಕೆಂಪಾಗಿದ್ದವು. ಕೆಳತುಟಿ ದಪ್ಪಗಾಗಿತ್ತು. ಏನಾತವ್ವಾ ಎಂದು ಕೇಳಿದರೆ ಬಾಯಿ ತೆರೆದಳು, ದನಿ ಹೊರಡಲಿಲ್ಲ.

ನಾನು ಡಾಕ್ಟರನ್ನು ಕೂಗಿದ ಕೂಗಿಗೆ ಹೊರರೋಗಿಗಳ ಸಾಲೆಲ್ಲ ತಿರುಗಿ ನೋಡಿತಂತೆ. ಮಂಚದ ಮೇಲೆ ಅವಳನ್ನು ಚಪ್ಪಟೆ ಮಲಗಿಸಿ ಕಾಲು ಎತ್ತರಿಸಿದೆ, ಮೂಗಿಗೆ ಆಕ್ಸಿಜನ್ ಹಿಡಿದೆ. ನಾಡಿ ಬೆರಳಿಗೆ ಸಿಕ್ಕೂ ಸಿಗದಂತಿತ್ತು. ಡಾಕ್ಟರು ಓಡಿ ಬರುವಷ್ಟರಲ್ಲಿ ಹುಡುಗಿ ಸಿರಿಂಜಿಗೆ ಅಡ್ರಿನಾಲಿನ್ ಎಳೆದುಕೊಂಡು ನಿಂತಿದ್ದಳು. ಅವರು ಕೊಡಿ ಎಂದರು, ಅವಳು ತೊಡೆಗೆ ಕೊಟ್ಟಳು. ಪ್ರಮಾಣ ತಪ್ಪಲಿಲ್ಲ. ಅದನ್ನು ನಾನು ಹೇಳಲೇಬೇಕು. ಆ ಹೊತ್ತಿಗೆ ಅತ್ತೆ ಚಹಾದ ಕಿಟ್ಲಿ ಹಿಡಿದು ಬಾಗಿಲಲ್ಲಿ ಬಂದು ನಿಂತವರು, ಒಳಗೆ ಬರಲೂ ಆಗದೆ ಹೋಗಲೂ ಆಗದೆ ಮೊಮ್ಮಗಳ ಹೆಸರು ಹಿಡಿದು ಅಳತೊಡಗಿದರು.

ಅಡ್ರಿನಾಲಿನ್ ಕೆಲಸ ಮಾಡುವುದನ್ನು ಕಣ್ಣಾರೆ ನೋಡಿದವರಿಗೆ ಔಷಧದ ಮೇಲೆ ಭಕ್ತಿಯೂ ಭಯವೂ ಒಟ್ಟಿಗೇ ಹುಟ್ಟುತ್ತವೆ. ಅವಳ ಮುಖಕ್ಕೆ ಬಣ್ಣ ಬಂತು, ಉಸಿರಿನ ಸಿಳ್ಳು ಕಡಿಮೆಯಾಯಿತು, ನಾಡಿ ಬೆರಳನ್ನು ಒದೆಯತೊಡಗಿತು. ಕಣ್ಣು ಬಿಟ್ಟವಳೇ ಎದೆ ಹಿಡಿದುಕೊಂಡು ನಡುಗಿದಳು, ಎದಿ ಡವಡವ ಅನ್ನಾಕತ್ತೈತಿ ಎಂದಳು. ಇದೂ ಅದೇ ಔಷಧದ್ದೇ, ಇಳಿಯುತ್ತದೆ, ಹೆದರಬೇಡ ಎಂದು ತಲೆ ನೇವರಿಸಿದೆ. ಅವಳ ಉಸಿರು ಬಿಡಿಸಿದ್ದೂ ಎದೆ ಬಡಿಸಿದ್ದೂ ಒಂದೇ ಹನಿ. ಪುಸ್ತಕದಲ್ಲಿ ಕೆಲಸ ಒಂದು ಸಾಲು, ಅಡ್ಡಪರಿಣಾಮ ಇನ್ನೊಂದು ಸಾಲು. ಮೈಯೊಳಗೆ ಔಷಧಕ್ಕೆ ಅಂಥ ಸಾಲುಗಳು ಗೊತ್ತಿಲ್ಲ. ಅದು ತನ್ನ ಕೆಲಸ ತಾನು ಮಾಡುತ್ತದೆ; ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಹೇಳಬೇಕಾದವನು ರೋಗಿ, ತಿಳಿಯಬೇಕಾದವರು ನಾವು.

ಅಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಹುಡುಗಿ ಡಬ್ಬಿ ತೆರೆಯಲಿಲ್ಲ. ಅವಳು ಕೇಳಿದ್ದೇನು, ಆ ಹೆಣ್ಣುಮಗಳು ಹೇಳಿದ್ದೇನು ಎಂದು ಬಿಡಿಸಿ ಹೇಳಿದೆ. ಬಯ್ಯಬೇಕೆಂದೇ ಕೂತಿದ್ದೆ, ಬಯ್ದೆ ಕೂಡ. ನನ್ನ ಬಾಯಿ ಸಣ್ಣದಲ್ಲ. ತುರಿಕೆ ಎಂದು ಅವರು ಒಂದು ಸಲ ಹೇಳಿದ್ದರೆ ನನಗೆ ಗೊತ್ತಾಗುತ್ತಿತ್ತು ಎಂದು ಮಾತ್ರ ಅವಳು ಎಂದಳು. ಅವರು ಹೇಳಿದ್ದು ಅದನ್ನೇ ಅಲ್ಲವೇನೇ ಎಂದೆ. ಅವಳು ಮುಖ ಮುಚ್ಚಿಕೊಂಡು ಅತ್ತಳು.

ಆಮೇಲಿನ ದಿನಗಳಲ್ಲಿ ಹುಡುಗಿ ಆ ಮಂಚ ಬಿಟ್ಟು ಅಲುಗಲಿಲ್ಲ. ಈ ಔಷಧ ನಿಮಗೆ ಆಗಿಬರುವುದಿಲ್ಲ, ಎಲ್ಲಿ ಹೋದರೂ ಮೊದಲೇ ಹೇಳಬೇಕು ಎಂದು ಡಾಕ್ಟರು ತಿಳಿಸಿದ್ದರು. ಅದರ ಹೆಸರು ಆ ಹೆಣ್ಣುಮಗಳ ಬಾಯಲ್ಲಿ ಕೂರುವವರೆಗೆ ಹುಡುಗಿ ಹೇಳಿಸಿದಳು. ಸೆಫ್ಟ್ರಿಯಾಕ್ಸೋನ್ ಹೋಗಿ ‘ಸೆಪ್ಟಾಕ್ಸಿ’ ಆಯಿತು, ಆಮೇಲೆ ‘ಸೆಪ್ಟ್ರಾಕ್ಸೂನ’ವರೆಗೆ ಬಂತು. ಅಷ್ಟಾದರೆ ಯಾವ ಡಾಕ್ಟರಿಗಾದರೂ ತಿಳಿಯುತ್ತದೆ ಎಂದು ಒಪ್ಪಿಕೊಂಡೆವು. ಪ್ರತಿಯಾಗಿ ಅತ್ತೆ, ಸೊಸೆ ಇಬ್ಬರೂ ಇವಳಿಗೆ ನಮ್ಮ ಮಾತು ಕಲಿಸಿದರು. ಸಂಕಟ ಎಂದರೆ ಏನು, ಬ್ಯಾನಿ ಎಂದರೆ ಏನು, ಜೀವ ಹೊಯ್ದಾಡುವುದು ಎಂದರೆ ಮೈಯ ಯಾವ ಜಾಗದಲ್ಲಿ. ಕೇಳಿಸಿಕೊಂಡು ಅವಳು ತನ್ನ ಹೊಟ್ಟೆ, ಎದೆ ಮುಟ್ಟಿ ಮುಟ್ಟಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು.

ಬಿಡುಗಡೆಯ ದಿನ ಬಂತು. ಬೇರೆ ಜಾತಿಯ ಗುಳಿಗಿ ಬರೆದಿದ್ದರು, ಮೊದಲನೆಯದನ್ನು ಇಲ್ಲೇ ನುಂಗಿಸಿ ಸ್ವಲ್ಪ ಹೊತ್ತು ನೋಡಿ ಕಳಿಸಬೇಕಿತ್ತು. ಅತ್ತೆ ಗಂಟು ಕಟ್ಟಿಕೊಂಡು ವಾರ್ಡಿನವರಿಗೆಲ್ಲ ಕೈ ಮುಗಿಯುತ್ತಿದ್ದರು. ಹುಡುಗಿ ಹತ್ತಿರ ಬಂದಾಗ ಅವಳ ಗಲ್ಲ ಸವರಿ ನೆಟಿಗೆ ತೆಗೆದು, ಎಲ್ಲರಿಗೂ ಕೇಳುವಂತೆ ಹೇಳಿದರು:

“ಎಷ್ಟ ಮಂದಿ ಸೂಜಿ ಮಾಡಿ ಹೋದ್ರು. ತಿರುಗಿ ಬಂದು ತಿಂಡಿ ಆತೇನು ಅಂತ ಕೇಳಿದಾಕಿ ಈಕಿ ಒಬ್ಬಾಕಿನ ನೋಡ್ರಿ. ನಮ್ಮ ಸೊಸಿ ಉಳದದ್ದು ಈಕಿಯಿಂದ.”

ನಾನು ಹುಡುಗಿಗೆ ಕಣ್ಣಲ್ಲೇ ಸುಮ್ಮನಿರು ಎಂದೆ. ಒಳ್ಳೆಯ ಮಾತು ಆಡಿ ಹೋಗುತ್ತಿದ್ದಾರೆ, ಹೋಗಲಿ. ಇನ್ನು ಕೆದಕಿ ಆಗಬೇಕಾದದ್ದೇನು ಎಂದು ನನ್ನ ಲೆಕ್ಕ. ಅವಳು ನನ್ನ ಕಡೆ ನೋಡಿದಳು, ನೋಡಿಯೂ ಸುಮ್ಮನಿರಲಿಲ್ಲ. ಮಂಚದ ಅಂಚಿಗೆ ಕೂತು, ಕಲಿತ ನಮ್ಮ ಮಾತಿನಲ್ಲೇ ತಡವರಿಸುತ್ತ ಹೇಳಿದಳು: ತಾನು ಕೇಳಿದ್ದು ನಾಷ್ಟಾ ಆಯಿತೇ ಎಂದು. ತನ್ನ ಊರಿನಲ್ಲಿ ತಿಂಡಿ ಎಂದರೆ ಅದೇ. ಅವರು ಹೇಳಿದ್ದು ತನಗೆ ತಿಳಿದಿರಲೇ ಇಲ್ಲ.

ಅತ್ತೆಗೆ ಮೊದಲು ಅರ್ಥವಾಗಲಿಲ್ಲ. ಆದ ಮೇಲೆ ನಗು ತಡೆಯಲಾಗಲಿಲ್ಲ. ನಿಮ್ಮ ಕಡೆ ತಿಂಡಿ ತಿಂತಾರೇನ್ರಿ ಎಂದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ನಕ್ಕರು, ಪಕ್ಕದ ಮಂಚದವರೂ ನಕ್ಕರು. ಸೊಸೆ ಮಾತ್ರ ನಗಲಿಲ್ಲ. ಏನೋ ಲೆಕ್ಕ ಹಾಕುವವಳಂತೆ ಕೇಳಿದಳು:

“ಹಂಗಾರ ‘ಒಳ್ಳೇದು, ಆಗ್ಲಿ’ ಅಂದದ್ದು ನಾಷ್ಟಾಕ್ಕೇನ್ರಿ?”

ಹುಡುಗಿ ಹೌದೆಂದು ತಲೆ ಆಡಿಸಿದಳು.

“ನಾ ತಿಂಡಿಗೆ ಅಂದ್ರಿ ಅಂತ ತಿಳಕೊಂಡ್ನಿರಿ. ಔಷಧ ಮೈಗೆ ಹತ್ತಾಕತ್ತೈತಿ, ಹಿಂಗ ಆಗಬೇಕು ಅಂತ. ಆಮ್ಯಾಲ ಗಂಟಲ ಬಿಗೀತು, ಉಸರ ಸಿಗವಲ್ದು. ಕರೀಬೇಕು ಅನಿಸ್ತು. ನೀವ ಒಳ್ಳೇದು ಅಂದೀರಲ್ಲ, ಆಗ್ಲಿ ಅಂತ ತಡಕೊಂಡ್ನಿ. ಆದಮ್ಯಾಲ ನುಂಗಾಕಂತ ಗುಳಿಗಿ ಮುಟಗಿಯೊಳಗ ಹಿಡಕೊಂಡ ಕುಂತಿದ್ನಿ.”

ಅದರಲ್ಲಿ ದೂರು ಇರಲಿಲ್ಲ. ಬಸ್ಸು ತಪ್ಪಿದ್ದನ್ನು ಹೇಳುವ ಹಾಗೆ ಹೇಳಿದಳು. ಅತ್ತೆಯ ನಗು ನಿಂತಿತು. ಅವಳು ಮಂಚದ ಮೇಲೆ ಒರಗಿದ್ದಾಗ, ನಾಡಿ ಸಿಗದಿದ್ದಾಗ ಹುಟ್ಟದ ಹೆದರಿಕೆ ನನಗೆ ಆ ಮಾತು ಕೇಳಿದಾಗ ಹುಟ್ಟಿತು. ಆಗ ಹೆದರಲು ಪುರುಸೊತ್ತು ಇರಲಿಲ್ಲ, ನಿಜ. ಆದರೆ ಇದು ಬೇರೆಯೇ ಹೆದರಿಕೆ. ಮಗಳನ್ನು ಮನೆಯಲ್ಲಿ ಬಿಟ್ಟು ಬಂದ ಹೆಣ್ಣುಮಗಳೊಬ್ಬಳು ನಮ್ಮ ಮಾತಿಗೆ ಬೆಲೆ ಕೊಟ್ಟು, ಕೈಯಳತೆಯಲ್ಲಿ ನಾನಿದ್ದರೂ ಕರೆಯದೆ, ಸದ್ದಿಲ್ಲದೆ ಸಾಯುವುದಕ್ಕೂ ತಯಾರಾಗಿ ಕೂತಿದ್ದಳು. ಯಾರ ಅಂಜಿಕೆಗೂ ಅಲ್ಲ, ನಂಬಿಕೆಯಿಂದ. ಅವಳು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹುಡುಗಿ ಎದ್ದು ಹೋಗಿ ಹೊಸ ಗುಳಿಗಿಯನ್ನೂ ನೀರಿನ ಲೋಟವನ್ನೂ ತಂದಳು. ಗುಳಿಗಿಯನ್ನು ಅವಳ ಅಂಗೈಯಲ್ಲಿಟ್ಟು, ಇದು ಬೇರೆ, ಇದರ ಹೆಸರು ಬೇರೆ, ಇದಕ್ಕೂ ಮೈಗೆ ತಿಂಡಿ ಎದ್ದರೆ, ಬಾಯಿ ಬಾತರೆ, ಗಂಟಲು ಹಿಡಿದರೆ, ಯಾರು ಏನೇ ಅನ್ನಲಿ, ನಾನೇ ‘ಆಗ್ಲಿ’ ಅಂದಿದ್ದರೂ ನೀವು ಕೂಗಬೇಕು ಎಂದು ಹೇಳತೊಡಗಿದಳು. ಅವಳು ಹೇಳಿ ಮುಗಿಸುವಷ್ಟರಲ್ಲಿ ಆ ಹೆಣ್ಣುಮಗಳು ಗುಳಿಗಿ ನುಂಗಿ ನೀರು ಕುಡಿದಾಗಿತ್ತು.